ಕಾನ್ಫಿಡೆನ್ಷಿಯಲ್ ಎಂದು ಕೂಗಿ ಹೇಳುತ್ತಿದ್ದ ಮನೆ

ಹೋದ ತಿಂಗಳು ನಮ್ಮ ಕುಟುಂಬದ ಫೋನ್ ಗುಂಪಿನಲ್ಲಿ ತಂಗಿಯ ಮಗ ಒಂದು ಸುದ್ದಿ ಹಾಕಿದ. ನೆಂಟರ ಪೈಕಿ ಒಬ್ಬಳ ನಿಶ್ಚಿತಾರ್ಥ ಮುರಿದುಹೋಗಿತ್ತು. ಸುದ್ದಿಯ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಸ್ಟ್ರಿಕ್ಟ್‌ಲಿ ಕಾನ್ಫಿಡೆನ್ಷಿಯಲ್’ ಎಂದು ಬರೆದಿದ್ದ. ಆ ಗುಂಪಿನಲ್ಲಿ ಕೊಡ್ಲಿಪೇಟೆಯಿಂದ ಮೈಸೂರಿನವರೆಗೆ ಹರಡಿಕೊಂಡಿರುವ ನಮ್ಮ ಬಂಧುಬಳಗವೆಲ್ಲ ಇದೆ. ಆ ಹುಡುಗಿಯೂ ಇದ್ದಾಳೆ. ಸಂಜೆಯೊಳಗೆ ಎಲ್ಲರೂ ಕೈಮುಗಿಯುವ ಚಿತ್ರ ಹಾಕಿ ಸಂತಾಪ ಸೂಚಿಸಿ ಮುಗಿಸಿದ್ದರು. ಬೇರೆಯವರಾಗಿದ್ದರೆ ನಗುತ್ತಿದ್ದರೇನೋ, ನನಗೆ ಮೈ ಉರಿಯಿತು. ಅರವತ್ತು ದಾಟಿದವಳು, ಬಿಪಿ ಮಾತ್ರೆ ನುಂಗುವವಳು, ಇಂಥದ್ದಕ್ಕೆಲ್ಲ ತಲೆ ಬಿಸಿ ಮಾಡಿಕೊಳ್ಳಬಾರದು ಎಂದು ಮಗಳು ಬುದ್ಧಿ ಹೇಳಿದಳು. ಅವಳಿಗೇನು ಗೊತ್ತು. ಆ ಪದವನ್ನು ಕೇಳಿ ಕೇಳಿಯೇ ನಾನು ದೊಡ್ಡವಳಾದದ್ದು. ಅದರ ಅರ್ಥ ಗೊತ್ತಾಗುವ ಮೊದಲೇ ಅದರ ಮೇಲೆ ಸಿಟ್ಟು ಬಂದಿತ್ತು, ಅರ್ಥ ಗೊತ್ತಾದ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು.

ಅಪ್ಪ ಮಾದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ನಮ್ಮಲ್ಲಿ ರೈಟರ್ ಎಂದರೆ ಕಥೆ ಬರೆಯುವವರಲ್ಲ; ಆಳುಗಳ ಹಾಜರಿ ಹಾಕಿ, ಗೊಬ್ಬರ ಔಷಧಿಯ ಲೆಕ್ಕ ಇಟ್ಟು, ಗೋಡೌನಿನ ಬೀಗ ಕಾಯುವವರು. ಅಪ್ಪನೂ ಅವ್ವನೂ ಕೊಡ್ಲಿಪೇಟೆ ಕಡೆಯವರು. ಕೆಲಸ ಸಿಕ್ಕಿತೆಂದು ಅಜ್ಜಿಯನ್ನೂ ಕಟ್ಟಿಕೊಂಡು ಈ ಕಡೆ ಬಂದು, ಎಸ್ಟೇಟಿನವರು ಕೊಟ್ಟ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದ್ದರು. ಮುಂದೆ ಒಂದು ಜಗಲಿ, ನಡುವೆ ಉದ್ದದ ಕೋಣೆ, ಅದಕ್ಕೆ ಅಡ್ಡಗೋಡೆ ಕಟ್ಟಿ ಎರಡು ಮಾಡಿದ್ದು, ಹಿಂದೆ ಅಡುಗೆಮನೆ, ಅದರಾಚೆ ಹಂಡೆ ಹೂತ ಬಚ್ಚಲು. ಅಡ್ಡಗೋಡೆ ಸೂರಿನವರೆಗೆ ಹೋಗಿರಲಿಲ್ಲ. ಆಳೆತ್ತರಕ್ಕೆ ನಿಂತು, ಇಷ್ಟು ಸಾಕು ಎಂದು ಬಿಟ್ಟಿದ್ದರು. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಮಗುಚುವ ಸದ್ದು ಜಗಲಿಗೆ ಕೇಳುತ್ತಿತ್ತು, ಜಗಲಿಯಲ್ಲಿ ಅಪ್ಪ ಎಲೆಯಡಿಕೆ ಉಗಿದದ್ದು ಬಚ್ಚಲಿಗೆ ಕೇಳುತ್ತಿತ್ತು. ಅಂಥ ಮನೆಯಲ್ಲಿ ಗುಟ್ಟು ಇಟ್ಟುಕೊಳ್ಳಬೇಕೆಂದರೆ ದನಿ ತಗ್ಗಿಸಿ ಪ್ರಯೋಜನವಿಲ್ಲ, ಭಾಷೆಯನ್ನೇ ಬದಲಾಯಿಸಬೇಕು. ಅಪ್ಪನಿಗೆ ಇಂಗ್ಲಿಷ್ ಅಷ್ಟೇನೂ ಬರುತ್ತಿರಲಿಲ್ಲ. ಆದರೆ ಮ್ಯಾನೇಜರ್ ಜೊತೆ ಒಡನಾಡಿ ಗುಟ್ಟಿಗೆ ಬೇಕಾದಷ್ಟು ಇಂಗ್ಲಿಷ್ ಕಲಿತಿದ್ದರು.

ಆ ಪದಗಳಿಗೆ ನಮ್ಮ ಮನೆಯಲ್ಲಿ ದರ್ಜೆಗಳಿದ್ದವು. ‘ಪ್ರೈವೇಟ್’ ಎಂದರೆ ಎಲ್ಲಕ್ಕಿಂತ ಕೆಳಗಿನದು. ಮಕ್ಕಳು ಕೇಳಬಾರದು, ಆದರೆ ಕೇಳಿಸಿಕೊಂಡರೆ ಆಕಾಶವೇನೂ ಬೀಳುವುದಿಲ್ಲ. ‘ಪರ್ಸನಲ್’ ಹೆಂಗಸರ ವಿಷಯ. ಯಾರೋ ಮುಟ್ಟಾದದ್ದು, ಯಾರಿಗೋ ಗರ್ಭ ನಿಲ್ಲದೆ ಇದ್ದದ್ದು ಅದರಲ್ಲಿ ಬರುತ್ತಿತ್ತು. ‘ಕಾನ್ಫಿಡೆನ್ಷಿಯಲ್’ ಎಂದರೆ ಅಪ್ಪ, ಅವ್ವ, ಅಜ್ಜಿ ಮೂವರ ನಡುವಿನದು. ಅದಕ್ಕೆ ಮುಂದೆ ‘ಸ್ಟ್ರಿಕ್ಟ್‌ಲಿ’ ಸೇರಿದರೆ ಅಜ್ಜಿಯೂ ಎದ್ದು ಹೋಗಬೇಕು. ಅಜ್ಜಿ ಎದ್ದು ಹೋಗುತ್ತಿರಲಿಲ್ಲ. ಮೂರಕ್ಷರ ಇಂಗ್ಲಿಷ್ ಬಾರದ ಅವ್ವ ಈ ಪದಗಳನ್ನು ಅಪ್ಪನಿಗಿಂತ ಚೆನ್ನಾಗಿ ಬಳಸುತ್ತಿದ್ದಳು. ಪಕ್ಕದ ಮನೆಯವರು ಜಗಲಿಯಲ್ಲಿ ಕೂತಿರುವಾಗ ಅಡುಗೆಮನೆಯಿಂದಲೇ “ರೀ, ಅದು ಕಾನ್ಪಿಡೆನ್ಸಲ್ಲು ಅಲ್ವೇನ್ರೀ” ಎಂದು ಕೂಗಿ ಹೇಳಿ ಗಂಡನನ್ನು ಎಚ್ಚರಿಸುತ್ತಿದ್ದಳು. ಬೇರೆ ಮಾತೆಲ್ಲ ಪಿಸುಪಿಸು, ಈ ಪದಗಳು ಮಾತ್ರ ದೊಡ್ಡ ಗಂಟಲಲ್ಲಿ. ಹೀಗಾಗಿ ಮನೆಯಲ್ಲಿ ಏನೋ ಮುಚ್ಚಿಟ್ಟಿದ್ದಾರೆ ಎಂಬುದು ನಮ್ಮ ನಾಯಿಗೂ ಗೊತ್ತಾಗುತ್ತಿತ್ತು.

ಮುಚ್ಚಿಟ್ಟದ್ದು ನನ್ನನ್ನು. ನನಗೆ ಚಿಕ್ಕಂದಿನಿಂದ ಫಿಟ್ಸ್ ಬರುತ್ತಿತ್ತು. ಹೆಚ್ಚಾಗಿ ನಿದ್ದೆಯಲ್ಲಿ, ಒಮ್ಮೊಮ್ಮೆ ಎಚ್ಚರದಲ್ಲೂ. ಬಂದುಹೋದ ಮೇಲೆ ನನಗೆ ಏನೂ ನೆನಪಿರುತ್ತಿರಲಿಲ್ಲ. ನೆನಪಿಲ್ಲದವಳಿಗೆ ಹೇಳಿ ಹೆದರಿಸುವುದೇಕೆ ಎಂದು ಮನೆಯವರು ತೀರ್ಮಾನಿಸಿದ್ದರು. ಹನ್ನೆರಡು ಹದಿಮೂರು ವರ್ಷದವರೆಗೆ ನನ್ನ ಮೈಯಲ್ಲಿ ಏನಾಗುತ್ತಿದೆ ಎಂಬುದು ನನಗೇ ಗೊತ್ತಿರಲಿಲ್ಲ. ಇಷ್ಟನ್ನು ಈಗಲೇ ಹೇಳಿಬಿಡುತ್ತೇನೆ. ನನ್ನ ಮನೆಯವರು ನನಗೆ ಮಾಡಿದಂತೆ ಓದುವವರಿಗೆ ನಾನು ಮಾಡುವುದಿಲ್ಲ.

ಕೆಲವು ಬೆಳಗುಗಳಲ್ಲಿ ಏಳುವಾಗ ಮೈಯೆಲ್ಲ ಒನಕೆಯಿಂದ ಕುಟ್ಟಿದ ಹಾಗೆ ನೋಯುತ್ತಿತ್ತು. ನಾಲಿಗೆಯ ಅಂಚು ಕಚ್ಚಿಹೋಗಿ ಉಪ್ಪು ಹುಳಿ ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಬಲಗೈ ಮೂಸಿದರೆ ತುಕ್ಕಿನ ವಾಸನೆ. ಅಂಗೈ ಮೇಲೆ ಕೆಂಪಗೆ ಅಚ್ಚು ಒತ್ತಿದ ಗುರುತು. ಅದು ಗೋಡೌನಿನ ಬೀಗದ ಕೈ ಗೊಂಚಲಿನ ಗುರುತು ಎಂದು ಗೊತ್ತಾಗಲು ನನಗೆ ವರ್ಷಗಳೇ ಬೇಕಾದವು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಎಂದು ಎಲ್ಲ ಕಡೆಯೂ ನಂಬುತ್ತಾರಲ್ಲ, ಅಪ್ಪ ತಮ್ಮ ಗೊಂಚಲನ್ನೇ ನನ್ನ ಮುಷ್ಟಿಗೆ ತುರುಕುತ್ತಿದ್ದರಂತೆ. ಬೆಳಿಗ್ಗೆ ನಾನು ಕೈ ಮುಂದೆ ಚಾಚಿ ಕೇಳುತ್ತಿದ್ದೆ.

“ಅವ್ವಾ, ನನ್ನ ಕೈ ಯಾಕೆ ತುಕ್ಕು ತುಕ್ಕು ನಾರ್ತೈತೆ?”

“ಎಲ್ಲಾನಾ ಕಿಟಕಿ ಸರಳು ಹಿಡ್ಕಂಡು ಮಲಗಿರ್ಬೇಕು. ಹೋಗಿ ಕೈ ತೊಳ್ಕಾ.”

“ನಾಲಿಗೆ?”

“ಕನಸಲ್ಲಿ ಏನಾರ ತಿಂದಿರ್ತೀಯ. ಹೊಟ್ಟೆಬಾಕಿ.”

ನಾನು ಮಲಗುವ ಜಾಗದ ಹತ್ತಿರ ಕಿಟಕಿಯೇ ಇರಲಿಲ್ಲ. ಇದನ್ನು ಹೇಳಿದರೆ ಅವ್ವ ಬೇರೆ ಕೆಲಸ ಇದ್ದವಳಂತೆ ಎದ್ದುಬಿಡುತ್ತಿದ್ದಳು. ಅಜ್ಜಿ ಮಾತ್ರ ನನ್ನನ್ನು ಕರೆದು, ಹಣೆಗೆ ಮಿಕ್ಕವರಿಗಿಂತ ದಪ್ಪವಾಗಿ ವಿಭೂತಿ ಬಳಿಯುತ್ತಿದ್ದಳು. ತಂಗಿ ಶಾರದೆಗೆ ಒಂದು ಗೆರೆ, ನನಗೆ ಮೂರು. ಯಾಕೆ ಎಂದರೆ “ನೀನು ದೊಡ್ಡೋಳು ಅಲ್ವಾ” ಎನ್ನುತ್ತಿದ್ದಳು. ಹಣೆಯ ವಿಷಯದಲ್ಲಿ ಮಾತ್ರ ನಾನು ದೊಡ್ಡವಳು. ಮಿಕ್ಕ ಎಲ್ಲದರಲ್ಲೂ ಮೂರು ವರ್ಷ ಚಿಕ್ಕವಳಾದ ಶಾರದೆ ನನ್ನ ಮೇಲೆ ಕಾವಲುಗಾರ್ತಿ. ನಾನು ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲ ಅಗುಳಿ ಹಾಕುವಂತಿಲ್ಲ, ಅವಳು ಹೊಸ್ತಿಲ ಮೇಲೆ ಕೂತು ಹುಣಸೆಬೀಜ ಎಣಿಸಬೇಕು. ನಾನು ಒಲೆ ಮುಂದೆ ಒಬ್ಬಳೇ ಕೂರುವಂತಿಲ್ಲ. ತೋಡಿನ ನೀರಿಗೆ ಇಳಿಯುವಂತಿಲ್ಲ, ಮರ ಹತ್ತುವಂತಿಲ್ಲ, ಮದುವೆಮನೆಯಲ್ಲಿ ಉಳಿಯುವಂತಿಲ್ಲ. ರಜದಲ್ಲಿ ಹಾರಂಗಿ ಹೊಳೆ ನೋಡಲು ಶಾಲೆಯವರು ಕರೆದುಕೊಂಡು ಹೋದಾಗ ಶಾರದೆ ಹೋದಳು, ನಾನು ಮನೆಯಲ್ಲಿ ಅವರೆಕಾಯಿ ಸುಲಿದೆ. ಶಾರದೆಗೂ ಕಾರಣ ಗೊತ್ತಿತ್ತು. ಅವಳಿಂದ ಆಣೆ ಹಾಕಿಸಿಕೊಂಡಿದ್ದರು. ಅವಳನ್ನು ಹಿಡಿದು ಜಡೆ ಎಳೆದು ಕೇಳಿದರೆ ಅಳುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ.

ದಿನಾ ಬೆಳಿಗ್ಗೆ ನನಗೆ ಬೆಲ್ಲದ ಜೊತೆ ಒಂದು ಬಿಳಿ ಮಾತ್ರೆ ಪುಡಿ ಮಾಡಿ ತಿನ್ನಿಸುತ್ತಿದ್ದರು. ಶಕ್ತಿ ಬರುವ ಮಾತ್ರೆ ಎಂದು ಹೇಳಿದ್ದರು. ಶಕ್ತಿ ಬರುವ ಮಾತ್ರೆ ತಿಂದು ನಾನು ಕ್ಲಾಸಿನಲ್ಲಿ ತೂಕಡಿಸುತ್ತಿದ್ದೆ. ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ, ಸುಮ್ಮನೆ ನೋಡಿ ಮುಂದೆ ಹೋಗುತ್ತಿದ್ದರು. ತೂಕಡಿಸುವ ಬೇರೆಯವರಿಗೆ ಬಿಸಿಬಿಸಿ ಏಟು ಬೀಳುವಾಗ ನನಗೆ ಬೀಳದೆ ಇದ್ದದ್ದು ನನಗೆ ಏಟಿಗಿಂತ ಹೆಚ್ಚು ನೋಯುತ್ತಿತ್ತು. ಕೆಲವು ತಿಂಗಳಿಗೊಮ್ಮೆ ಅಪ್ಪ ನನ್ನನ್ನು ಮಡಿಕೇರಿಗೆ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದರು. ಕಣ್ಣು ತೋರಿಸಲು ಎಂದು ಹೇಳುತ್ತಿದ್ದರು. ಡಾಕ್ಟರು ಸಣ್ಣ ಸುತ್ತಿಗೆಯಿಂದ ನನ್ನ ಮೊಣಕಾಲು ಕುಟ್ಟುತ್ತಿದ್ದರು. ಕಣ್ಣಿಗೂ ಮೊಣಕಾಲಿಗೂ ಏನು ಸಂಬಂಧ ಎಂದು ನಾನು ಕೇಳಿದಾಗ ಇಬ್ಬರೂ ಮುಖ ಮುಖ ನೋಡಿಕೊಂಡು ಇಂಗ್ಲಿಷಿಗೆ ಜಾರಿದರು. ನನ್ನದೇ ಮೊಣಕಾಲು, ನನ್ನದೇ ಕಣ್ಣು, ಮಾತು ಮಾತ್ರ ನನ್ನ ತಲೆಯ ಮೇಲಿಂದ ಹೋಗುತ್ತಿತ್ತು.

ಇಂಗ್ಲಿಷ್ ಕಲಿತರೆ ಎಲ್ಲವೂ ತಿಳಿಯುತ್ತದೆ ಎಂದು ನಾನು ನಂಬಿದೆ. ಇಂಗ್ಲಿಷ್ ಪಾಠದ ಮೇಷ್ಟ್ರು ನಮ್ಮ ಶಾಲೆಗೆ ಹೊಸದಾಗಿ ಬಂದಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಅವರ ಮುಂದೆ ನಿಂತು ಒಂದೊಂದೇ ಪದದ ಅರ್ಥ ಕೇಳಿದೆ. ಕಾನ್ಫಿಡೆನ್ಷಿಯಲ್ ಎಂದರೆ ಗೋಪ್ಯ ಎಂದರು. ಪ್ರೈವೇಟ್ ಎಂದರೆ ಖಾಸಗಿ. ಪರ್ಸನಲ್ ಎಂದರೆ ಸ್ವಂತದ್ದು. ಹುಡುಗಿಗೆ ಪದಗಳ ಮೇಲೆ ಆಸೆ ಎಂದು ಖುಷಿಯಾಗಿ ಸೀಕ್ರೆಟ್, ಹಿಡನ್, ಕನ್ಸೀಲ್ಡ್ ಎಂದು ಇನ್ನೂ ಮೂರು ಉಚಿತವಾಗಿ ಕೊಟ್ಟರು. ಬಾಯಿ ಮುಚ್ಚಿಕೊಂಡಿರುವುದಕ್ಕೆ ಇಂಗ್ಲಿಷಿನವರಿಗೆ ಇಷ್ಟೊಂದು ಮಾತು ಬೇಕೇ ಎಂದು ನನಗೆ ಆಶ್ಚರ್ಯವಾಯಿತು. ಮನೆಗೆ ಬಂದು, ಅಪ್ಪ ಅವ್ವನ ಹತ್ತಿರ ‘ಕಾನ್ಫಿಡೆನ್ಷಿಯಲ್’ ಎನ್ನುವುದನ್ನೇ ಕಾದು ಕೂತೆ. ಅಂದರು. ಗೋಪ್ಯ ಎಂದು ನನಗೆ ಅರ್ಥವಾಯಿತು. ಆಮೇಲೆ? ಬೀಗದ ಹೆಸರು ಗೊತ್ತಾಯಿತು, ಬಾಗಿಲು ಹಾಗೆಯೇ ಮುಚ್ಚಿತ್ತು. ಆ ಸಂಜೆ ನಾನು ಯಾರ ಮೇಲೋ ಸಿಟ್ಟು ತೀರಿಸಿಕೊಳ್ಳಲು ಅಜ್ಜಿಯ ವಿಭೂತಿ ಗಟ್ಟಿಯನ್ನು ಒಡೆದು ಪುಡಿ ಮಾಡಿದೆ. ಅದಕ್ಕೂ ಯಾರೂ ಹೊಡೆಯಲಿಲ್ಲ. ಆ ಮನೆಯಲ್ಲಿ ನನಗೆ ಏಟು ತಿನ್ನುವ ಯೋಗವೂ ಇರಲಿಲ್ಲ.

ಏಳನೆಯ ಕ್ಲಾಸಿನಲ್ಲಿ ನಾನು ಮೊದಲನೆಯವಳಾಗಿ ಪಾಸಾದೆ, ಆ ತೂಕಡಿಕೆಯ ನಡುವೆಯೂ. ಹೈಸ್ಕೂಲಿಗೆ ಮಡಿಕೇರಿಗೆ ಹೋಗಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇರಬೇಕೆಂಬ ಆಸೆ ನನಗೆ ತಲೆಗೆ ಹತ್ತಿತು. ನನಗೆ ಓದಿನ ಮೇಲಿದ್ದಷ್ಟೇ ಆಸೆ ಅಗುಳಿ ಹಾಕಿಕೊಂಡು ಸ್ನಾನ ಮಾಡುವುದರ ಮೇಲೂ ಇತ್ತು. ಶಾಲೆಯ ಮೈದಾನದಲ್ಲಿ ಪುಷ್ಪನ ಮುಂದೆ ಈ ವಿಷಯ ಕೊಚ್ಚಿಕೊಂಡೆ. ಪುಷ್ಪ ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು, ಅರೆಭಾಷೆ ಮಾತಾಡುವ ಗೌಡರ ಮನೆಯ ಹುಡುಗಿ. ಒಳ್ಳೆಯವಳು, ಸುಳ್ಳು ಹೇಳಲು ಬಾರದವಳು.

“ನಿನ್ನ ಕಳಿಸೋದಿಲ್ಲ” ಎಂದಳು.

“ಯಾಕೆ ಕಳಿಸಲ್ಲ? ನಿನಗೆ ಹೊಟ್ಟೆಕಿಚ್ಚು.”

“ಹೊಟ್ಟೆಕಿಚ್ಚು ಎಂತಕ್ಕೆ? ನಿಂಗೆ ಗೊತ್ತಿಲ್ಲೆನಾ?”

“ಏನು ಗೊತ್ತಿಲ್ಲ?”

ಪುಷ್ಪ ನನ್ನ ಮುಖ ನೋಡಿದಳು. ನಾನು ನಾಟಕ ಮಾಡುತ್ತಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಬಾಯಲ್ಲಿ ಹೇಳಲು ಅವಳಿಗೆ ಬರಲಿಲ್ಲವೇನೋ, ಹುಲ್ಲಿನ ಮೇಲೆ ಅಂಗಾತ ಮಲಗಿದಳು. ಕತ್ತು ಒಂದು ಕಡೆಗೆ ತಿರುಚಿದಳು. ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು. ಹಲ್ಲು ಕಚ್ಚಿ, ಕೈ ಮುಷ್ಟಿ ಮಾಡಿ, ಕಾಲು ನೆಲಕ್ಕೆ ಬಡಿಯತೊಡಗಿದಳು. ಬಾಯಿಂದ ಗೊರಗೊರ ಸದ್ದು ತೆಗೆದಳು. ಆಮೇಲೆ ಎದ್ದು ಲಂಗಕ್ಕೆ ಅಂಟಿದ ಹುಲ್ಲು ಕೊಡವಿಕೊಂಡಳು.

“ಹಿಂಗೆ ಆಗ್ತದೆ ನಿಂಗೆ. ಕ್ಲಾಸಲ್ಲೂ ಆಗಿದೆ. ಹೆಡ್‌ಮೇಷ್ಟ್ರು ಎಲ್ಲರಿಗೂ ಹೇಳಿಕೊಟ್ಟಿದ್ದಾರೆ, ನೀನು ಬಾರದ ದಿನ. ಆಫೀಸಿಂದ ಕೀ ಗೊಂಚಲು ಓಡಿ ತರೋ ಕೆಲ್ಸ ನಂದು. ನಿಂಗೆ ಹೇಳ್ಬಾರ್ದು ಅಂತ ಹೇಳಿದ್ರು, ಕಾನ್ಫಿಡೆನ್ಷಿಯಲ್ ಅಂತ.”

ನನ್ನನ್ನು ನಾನು ಮೊದಲ ಸಲ ನೋಡಿದ್ದು ಹಾಗೆ, ಪುಷ್ಪನ ಮೈಯಲ್ಲಿ. ನನಗೆ ಅವಮಾನವಾಯಿತು, ಹೆದರಿಕೆಯಾಯಿತು, ಎರಡಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಅಪ್ಪ ಹೆಡ್‌ಮೇಷ್ಟ್ರಿಗೆ ಗುಟ್ಟಾಗಿ ಹೇಳಿದ್ದಾರೆ, ಅವರು ಮೇಷ್ಟ್ರುಗಳಿಗೆ ಗುಟ್ಟಾಗಿ ಹೇಳಿದ್ದಾರೆ, ಆಮೇಲೆ ಕ್ಲಾಸಿಗೂ ಗುಟ್ಟಾಗಿ ಹೇಳಿದ್ದಾರೆ. ಒಬ್ಬೊಬ್ಬರಿಗೂ ಒಂದೊಂದು ಕೆಲಸ ಹಂಚಿಕೊಟ್ಟಿದ್ದಾರೆ. ಬೀಳುವ ಕೆಲಸ ಮಾತ್ರ ನನ್ನದು, ಅದನ್ನು ನಾನು ಸುದ್ದಿಯೇ ಇಲ್ಲದೆ ಮಾಡಿಕೊಂಡು ಬಂದಿದ್ದೇನೆ. ಆ ಹೊತ್ತಿಗೆ ನನಗೆ ಇನ್ನೊಂದೂ ಹೊಳೆಯಿತು. ನನ್ನ ಕೈಯ ತುಕ್ಕಿನ ವಾಸನೆ, ನಾಲಿಗೆಯ ಗಾಯ, ಅಗುಳಿ ಹಾಕದ ಸ್ನಾನ ಎಲ್ಲಕ್ಕೂ ಕಾರಣ ಇತ್ತು. ನನಗೆ ಹುಚ್ಚಿಲ್ಲ. ಅಷ್ಟು ವರ್ಷ ನನಗೆ ಒಳಗೊಳಗೆ ಆ ಅನುಮಾನವೂ ಇತ್ತು.

ಮನೆಗೆ ಬಂದಾಗ ಅಪ್ಪ ತೋಟದಿಂದ ಬಂದು ಕೈಕಾಲು ತೊಳೆದು ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದರು. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಅವ್ವ ಒಲೆಯ ಮುಂದೆ, ಅಜ್ಜಿ ಕಂಬಕ್ಕೆ ಒರಗಿ. ನಾನು ಚೀಲವನ್ನೂ ಇಳಿಸದೆ ನಿಂತು ಕೇಳಿದೆ.

“ಅಪ್ಪಾ, ನನಗೆ ಫಿಟ್ಸ್ ಬರ್ತೈತಾ?”

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಅವ್ವ ಕಾವಲಿಯ ರೊಟ್ಟಿ ಮರೆತಳು. ಮೊದಲು ಮಾತಾಡಿದ್ದು ಅಜ್ಜಿ.

“ಯಾರೇ ಹೇಳಿದ್ದು ನಿಂಗೆ?”

“ಯಾರು ಹೇಳಿದ್ರೇನು. ಬರ್ತೈತಾ ಇಲ್ವಾ?”

“ಯಾರು ಹೇಳಿದ್ದು ಅಂತ ಮೊದಲು ಹೇಳು” ಎಂದರು ಅಪ್ಪ. “ಹೆಡ್‌ಮೇಷ್ಟ್ರು ನನಗೆ ಮಾತು ಕೊಟ್ಟಿದ್ರು.”

“ನೀನೇ ಅಂದಿರ್ಬೇಕು ಶಾರದೀ” ಎಂದು ಅವ್ವ ತಂಗಿಯ ಮೇಲೆ ಹರಿಹಾಯ್ದಳು. ಶಾರದೆ ಅಳತೊಡಗಿದಳು. ರೊಟ್ಟಿ ಸೀದು ಮನೆಯೆಲ್ಲ ಹೊಗೆ. ಹೇಳಿದವರು ಯಾರು ಎಂಬ ವಿಚಾರಣೆ ಬಹಳ ಹೊತ್ತು ನಡೆಯಿತು. ಪಕ್ಕದಲ್ಲಿ ಕೂರುವ ಪುಷ್ಪನ ಅಪ್ಪನನ್ನು ಕೇಳಬೇಕೆಂದರು, ಹೆಡ್‌ಮೇಷ್ಟ್ರ ಮನೆಗೆ ಹೋಗಬೇಕೆಂದರು, ಆಳುಗಳ ಲೈನುಮನೆಯವರಲ್ಲಿ ಯಾರಾದರೂ ಇರಬಹುದೆಂದರು. ನನ್ನ ಪ್ರಶ್ನೆ ಹೊಗೆಯ ನಡುವೆ ಹಾಗೆಯೇ ನಿಂತಿತ್ತು. ಕೊನೆಗೆ ನಾನು ಅಪ್ಪನ ಎದುರಿಗೆ ಕೂತು ಅವರ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ನಮ್ಮ ಮನೆಯಲ್ಲಿ ಉಣ್ಣುವವರ ತಟ್ಟೆ ಮುಟ್ಟುವುದೆಂದರೆ ದೊಡ್ಡ ಅಪರಾಧ. ಅಪ್ಪ ಬಯ್ಯಲಿಲ್ಲ. ಎಂಜಲು ಕೈಯಲ್ಲೇ ಕೂತು, ನೆಲ ನೋಡುತ್ತ, ಅಂದು ಮೊದಲ ಸಲ ನನಗೆ ಕನ್ನಡದಲ್ಲಿ ಹೇಳಿದರು.

“ಬರುತ್ತೆ ಕಣವ್ವ. ಎರಡು ವರ್ಷದ ಮಗು ಇದ್ದಾಗ ಜ್ವರ ಬಂದು ಶುರುವಾಯ್ತು. ಹೋಗುತ್ತೆ ಅಂತಾರೆ ಡಾಕ್ಟ್ರು. ಹೋಗೋವರೆಗೂ ಯಾರಿಗೂ ತಿಳೀಬಾರದು. ನಾಳೆ ನಿನಗೊಂದು ಮನೆ ನೋಡ್ಬೇಕಲ್ಲ.”

“ನನಗೆ ಯಾಕೆ ಹೇಳ್ಲಿಲ್ಲ?”

“ನಿನಗೆ ಹೇಳಿದ್ರೆ ನೀನು ಯಾರಿಗಾದ್ರೂ ಹೇಳ್ತೀಯ ಅಂತ.”

ಇಡೀ ಶಾಲೆಗೆ ಹೇಳಿದವರು ನಾನು ಹೇಳಿಬಿಡುತ್ತೇನೆಂದು ನನಗೆ ಹೇಳಲಿಲ್ಲ. ಹಾಸ್ಟೆಲಿಗೆ ಕಳಿಸದಿದ್ದರೆ ಅನ್ನ ಮುಟ್ಟುವುದಿಲ್ಲ ಎಂದೆ. ಅದರಂತೆ ಮಾಡಿದೆ ಕೂಡ. ಹಸಿವಾದರೆ ಫಿಟ್ಸ್ ಹೆಚ್ಚಾಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ, ಹಾಗಾಗಿ ಮನೆಯವರು ಬೇಗ ಸೋತರು. ಹೇಳದೆ ಇಟ್ಟ ರೋಗ ಹೇಳಿದ ದಿನವೇ ನನ್ನ ಉಪಯೋಗಕ್ಕೆ ಬಂತು. ಅಜ್ಜಿಯೇ ಮೊದಲು ಮೆತ್ತಗಾಗಿ “ಕಳ್ಸಾ ಮಗಾ, ಹೆಣ್ಣು ಹಠ ಹಿಡಿದೈತೆ” ಎಂದಳು. ಅಪ್ಪ ಒಪ್ಪಿದರು, ಒಂದು ಷರತ್ತಿನ ಮೇಲೆ. ಹಾಸ್ಟೆಲಿನಲ್ಲಿ ಒಂದು ನರಪಿಳ್ಳೆಗೂ ತಿಳಿಯಬಾರದು. ಮಾತ್ರೆಗಳನ್ನು ಹುರಿಹಿಟ್ಟಿನ ಡಬ್ಬದ ತಳದಲ್ಲಿ ಇಡಬೇಕು. ಕೇಳಿದರೆ ಶೀತಕ್ಕೆ ಎನ್ನಬೇಕು. “ಇನ್ನು ಮೇಲೆ ಇದು ನಿನ್ನ ನನ್ನ ನಡುವೆ ಸ್ಟ್ರಿಕ್ಟ್‌ಲಿ ಕಾನ್ಫಿಡೆನ್ಷಿಯಲ್” ಎಂದು ನನ್ನನ್ನು ದೊಡ್ಡವಳಂತೆ ಕಂಡು ಹೇಳಿದರು. ಸುಳ್ಳೇಕೆ, ನನಗೆ ಹೆಮ್ಮೆಯಾಯಿತು. ಅಡ್ಡಗೋಡೆಯ ಆಚೆ ಇದ್ದವಳು ಈಚೆ ಬಂದಂತಾಯಿತು. ಆ ಬೇಸಿಗೆಯೆಲ್ಲ ನಾನು ಅಪ್ಪನ ಜೊತೆ ಜಗಲಿಯಲ್ಲಿ ಕೂತು, ಬಂದವರ ಮುಂದೆ ಏನು ಹೇಳಬಾರದು ಎಂಬುದನ್ನು ಕಲಿತೆ.

ಹಾಸ್ಟೆಲಿಗೆ ಹೋದ ದಿನ ಅಪ್ಪ ಹಬ್ಬಕ್ಕೆ ಮಾತ್ರ ಹಾಕುವ ಕೋಟು ಹಾಕಿದ್ದರು. ತಗಡಿನ ಪೆಟ್ಟಿಗೆಯನ್ನು ಬಸ್ಸಿನ ಟಾಪಿಗೆ ಏರಿಸಿ ಬೆಳಿಗ್ಗೆಯೇ ಹೊರಟೆವು. ವಾರ್ಡನ್ ತೆಳ್ಳಗೆ ಎತ್ತರದ ಹೆಂಗಸು, ಮೆತ್ತಗೆ ಮಾತಾಡುವವರು. ನನ್ನ ಮಾರ್ಕು ನೋಡಿ ಬೆನ್ನು ತಟ್ಟಿದರು. ಹುಡುಗಿಗೆ ಕಾಯಿಲೆ ಕಸಾಲೆ ಏನಾದರೂ ಇದೆಯೇ ಎಂದು ಅಪ್ಪನನ್ನು ಕೇಳಿದರು. ಅಪ್ಪ ಎದೆ ಸೆಟೆಸಿ, ತಮಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ “ನೋ ಕಂಪ್ಲೇಂಟ್ ಮೇಡಂ. ಪರ್ಫೆಕ್ಟ್‌ಲಿ ಹೆಲ್ತಿ” ಎಂದರು. ವಾರ್ಡನ್ ನಗುತ್ತ ನಮ್ಮನ್ನು ಒಳಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ತೋರಿಸಿದರು. ನನಗೆ ಕೊಟ್ಟದ್ದು ಕಬ್ಬಿಣದ ಎರಡಂತಸ್ತಿನ ಮಂಚದ ಮೇಲಂತಸ್ತು. ಕೆಳಗೆ ಸಿಮೆಂಟಿನ ನೆಲ. ಹಿಂದೆ ಸಾಲಾಗಿ ಬಚ್ಚಲುಗಳು, ಒಂದೊಂದಕ್ಕೂ ಗಟ್ಟಿ ಬಾಗಿಲು, ಒಳಗಿನಿಂದ ಹಾಕುವ ಅಗುಳಿ. ನಾನು ಆಸೆಪಟ್ಟಿದ್ದ ಅಗುಳಿ. ಬಾಗಿಲ ಪಕ್ಕದಲ್ಲೇ ಎದೆಮಟ್ಟದ ನೀರಿನ ತೊಟ್ಟಿ. ನಾನು ಆ ತೊಟ್ಟಿಯೊಳಗೆ ನೋಡಿದೆ. ಮೈದಾನದಲ್ಲಿ ಪುಷ್ಪ ಕಾಲು ಬಡಿದದ್ದು ನೆನಪಾಯಿತು. ಇಲ್ಲಿ ನಾನು ಬಿದ್ದರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿಲ್ಲ. ಗೊತ್ತಾಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ನಾನು ವಾರ್ಡನ್ ಕಡೆ ತಿರುಗಿದೆ.

“ಮೇಡಂ, ನನಗೆ ಫಿಟ್ಸ್ ಬರುತ್ತೆ” ಎಂದೆ. “ಮೇಲಿನ ಮಂಚ ಬೇಡ. ಸ್ನಾನ ಮಾಡುವಾಗ ಅಗುಳಿ ಹಾಕಲ್ಲ. ಯಾರಾದ್ರೂ ಒಬ್ರಿಗೆ ಹೇಳಿಟ್ರೆ ಸಾಕು.”

ವಾರ್ಡನ್ ಅಪ್ಪನ ಮುಖ ನೋಡಿದರು. ಅಪ್ಪ ಕೋಟಿನ ಗುಂಡಿ ತಿರುವುತ್ತಿದ್ದರು. ವಾರ್ಡನ್ ಬಯ್ಯಲಿಲ್ಲ, ಸುಳ್ಳು ಹೇಳಿದಿರಿ ಎನ್ನಲೂ ಇಲ್ಲ. ಇಷ್ಟು ಮಕ್ಕಳ ಜವಾಬ್ದಾರಿ ತಮ್ಮದು, ಕಮಿಟಿಯವರು ಒಪ್ಪುವುದಿಲ್ಲ, ವಾಸಿಯಾದ ಮೇಲೆ ಕರೆದುಕೊಂಡು ಬನ್ನಿ, ಖಂಡಿತ ಸೀಟು ಕೊಡುತ್ತೇನೆ ಎಂದು ಮೆತ್ತಗಿನ ದನಿಯಲ್ಲೇ ಹೇಳಿದರು. ನನಗೆ ಕುಡಿಯಲು ಹಾಲು ಕೊಟ್ಟರು. ಅಷ್ಟೊಂದು ಒಳ್ಳೆಯ ಮಾತಿನಲ್ಲಿ ಹೊರಗೆ ಹಾಕಿಸಿಕೊಂಡವಳಿಗೆ ಜಗಳ ಆಡಲೂ ಆಸ್ಪದವಿರಲಿಲ್ಲ. ಪೆಟ್ಟಿಗೆಯ ಒಂದು ಹಿಡಿ ಅಪ್ಪ, ಒಂದು ಹಿಡಿ ನಾನು ಹಿಡಿದು ಏರು ಹತ್ತಿ ಬಸ್‌ಸ್ಟ್ಯಾಂಡಿಗೆ ನಡೆದೆವು. ಅಪ್ಪ ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಂಡರು.

“ಬಾಯಿ ಮುಚ್ಕೊಂಡು ಇದ್ದಿದ್ರೆ ಈ ಹೊತ್ತಿಗೆ ನೀನು ಹಾಸ್ಟೆಲಲ್ಲಿ ಊಟಕ್ಕೆ ಕೂತಿರ್ತಿದ್ದೆ” ಎಂದರು. “ಯಾಕೆ ಮುಚ್ಚಿಟ್ಟಿದ್ವಿ ಅಂತ ಈಗ ತಿಳೀತಾ?”

“ತಿಳೀತು.”

“ತಿಳಿದು ಏನು ಬಂತು.”

“ನಾನು ಆ ತೊಟ್ಟಿಗೆ ಬಿದ್ದಿದ್ರೆ?”

ಅಪ್ಪ ಪೆಟ್ಟಿಗೆಯನ್ನು ಕಾಲ ಹತ್ತಿರಕ್ಕೆ ಎಳೆದುಕೊಂಡರು. ಅವರು ಹೇಳಿದ್ದೂ ಸರಿ, ನಾನು ಹೇಳಿದ್ದೂ ಸರಿ. ಅದಕ್ಕೇ ನನಗೆ ಇಂದಿಗೂ ಆ ದಿನ ನೆನೆದರೆ ಹೊಟ್ಟೆ ಉರಿಯುತ್ತದೆ. ತಪ್ಪು ಅವರದೇ ಆಗಿದ್ದರೆ ಸಿಟ್ಟು ಮಾಡಿಕೊಂಡು ಸುಮ್ಮನಾಗಬಹುದಿತ್ತು. ಮುಂದೆ ಮಾದಾಪುರದ ಶಾಲೆಯಲ್ಲೇ ಓದಿದೆ, ಬೇರೆ ಡಾಕ್ಟರು ಬೇರೆ ಮಾತ್ರೆ ಕೊಟ್ಟು ಪ್ರಾಯ ಬರುವಷ್ಟರಲ್ಲಿ ಫಿಟ್ಸ್ ನಿಂತಿತು, ನೋಡಲು ಬಂದ ಗಂಡಿಗೆ ನಾನೇ ಎಲ್ಲವನ್ನೂ ಹೇಳಿ ಮದುವೆಯಾದೆ. ಮಡಿಕೇರಿಯ ಆ ಹೈಸ್ಕೂಲು ಮಾತ್ರ ನನ್ನ ಪಾಲಿಗೆ ಬರಲಿಲ್ಲ.

ನಮ್ಮ ದಾರಿಯ ಬಸ್ಸು ಬಂತು. ಬೆಳಿಗ್ಗೆ ನಾವು ಬಂದ ಅದೇ ಬಸ್ಸು, ಅದೇ ಕಂಡಕ್ಟರು. ಮಲಯಾಳಿ, ಎಲ್ಲರ ಮನೆಯ ಕಷ್ಟಸುಖ ವಿಚಾರಿಸುವವನು. ಬಸ್ಸು ಸಂತೆಯ ಜನದಿಂದ ತುಂಬಿತ್ತು, ಅರ್ಧಕ್ಕರ್ಧ ನಮ್ಮ ಕಡೆಯವರೇ. ನಾವು ಕೂತ ಮೇಲೆ ಕಂಡಕ್ಟರು ಹತ್ತಿರ ಬಂದು ಬಾಗಿ ಕೇಳಿದ.

“ಎಂತ ರೈಟ್ರೇ, ಬೆಳಿಗ್ಗೆ ತಕೊಂಡು ಹೋದ ಪೆಟ್ಟಿಗೆ ವಾಪಸ್ ಬಂತಲ್ಲ?”

ಅಪ್ಪ ಬಾಯಿ ತೆರೆದರು. ನನಗೆ ಗೊತ್ತಿದ್ದ ಆ ಇಂಗ್ಲಿಷ್ ಪದಗಳಲ್ಲಿ ಒಂದು ಈಗ ಬರುತ್ತದೆ ಎಂದು ಕಿಟಕಿಯ ಕಡೆ ಮುಖ ತಿರುಗಿಸಿದೆ. ಅಪ್ಪ ಬಸ್ಸಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದರು.

“ಮಗಳಿಗೆ ಫಿಟ್ಸ್ ಬರುತ್ತೆ. ಅದಕ್ಕೆ ಸೇರಿಸ್ಕೊಳ್ಳಲ್ಲ ಅಂದ್ರು.”

ಹತ್ತು ವರ್ಷದಿಂದ ಅವರ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅದು. ಬಸ್ಸಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. ಮುಂದಿನ ಸೀಟಿನ ಹೆಂಗಸು ತನ್ನ ಕೋಳಿಯ ಕಾಲು ಕಟ್ಟುವುದನ್ನು ನಿಲ್ಲಿಸಲಿಲ್ಲ. ಕಂಡಕ್ಟರು ಟಿಕೆಟ್ ಹರಿದು ಕೊಟ್ಟ.

“ಫಿಟ್ಸ್ ಬರೋದು ನಮ್ಗೆಲ್ಲ ಗೊತ್ತಿರೋದೇ ಅಲ್ವಾ ರೈಟ್ರೇ. ಈ ಹುಡುಗಿ ಹತ್ತಿದ್ರೆ ನಾನು ಬಾಗಿಲ ಹತ್ರ ನಿಲ್ಲೋದಕ್ಕೆ ಬಿಡೋದಿಲ್ಲ, ಒಳಗೆ ಸೀಟು ಮಾಡಿಕೊಡೋದು. ಅದು ಎಂತಕ್ಕೆ ಅಂತ ಮಾಡಿದ್ರಿ?” ಎಂದು ಹೇಳಿ ಮುಂದಿನ ಸೀಟಿಗೆ ಹೋದ.

ಅಪ್ಪ ಟಿಕೆಟನ್ನು ಬೆರಳಲ್ಲಿ ಹಿಡಿದು ಹಾಗೆಯೇ ಕೂತರು. ಬಸ್ಸು ಊರು ದಾಟಿ ಇಳಿಜಾರು ಹಿಡಿಯಿತು. ನನ್ನ ಕಡೆ ನೋಡದೆ, ತಮಗೆ ತಾವೇ ಎಂಬಂತೆ ಹೇಳಿದರು.

“ಇವರಿಗೆಲ್ಲ ಗೊತ್ತಿತ್ತಂತೆ.”

“ನನಗೆ ಮಾತ್ರ ಗೊತ್ತಿರಲಿಲ್ಲ ಅಪ್ಪ” ಎಂದೆ.